‘ಇದೂ ಹೋಗುತ್ತದೆ’ ಎಂಬ ಮಾತನ್ನು ಯಾರು ಯಾರಿಗೆ ಹೇಳಬಹುದು?

ಮುಳುಗಡೆ ಮಾಸ್ತರ, ನವನಗರ, ಬಾಗಲಕೋಟೆ

ಎಲ್ಲರಿಗೂ ಶರಣು. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತನಾದವನು ನಾನು. ಹದಿನೈದು ದಿನಗಳಿಂದ ನಾನೇ ಆಡಿದ ಒಂದು ಮಾತು ನನ್ನ ನಿದ್ದೆಯನ್ನು ಕೆಡಿಸಿದೆ. ನಮ್ಮ ಓಣಿಯ ತಾಯಿಯೊಬ್ಬರು ಎರಡು ವರ್ಷದ ಹಿಂದೆ ಪ್ರಾಯಕ್ಕೆ ಬಂದ ಮಗನನ್ನು ಕಳೆದುಕೊಂಡಿದ್ದಾರೆ. ಮೊನ್ನೆ ಅವರನ್ನು ಮಾತನಾಡಿಸಲು ಹೋದಾಗ, ನನಗೆ ತಿಳಿದಿದ್ದ ಸಮಾಧಾನದ ಮಾತು ಅದೊಂದೇ ಆಗಿದ್ದರಿಂದ, “ಇದೂ ಹೋಗ್ತದ ಯವ್ವಾ” ಎಂದೆ. ಅವರು ಹಸನು ಮಾಡುತ್ತಿದ್ದ ಜೋಳದ ಮೊರದಿಂದ ತಲೆಯೆತ್ತದೆಯೇ, “ಮಾಸ್ತರ, ನಿಮಗ ಸುಖ ಬಂದಾಗೂ ಹಿಂಗ ಅಂದುಕೊಂಡಿದ್ರೇನ್ರಿ?” ಎಂದು ಕೇಳಿದರು. ಉತ್ತರಿಸಲಾಗದೆ ಎದ್ದು ಬಂದೆ.

ಪ್ರಾಮಾಣಿಕವಾಗಿ ಹೇಳುವುದಾದರೆ, ಅಂದುಕೊಂಡಿರಲಿಲ್ಲ. ಹಳೆ ಬಾಗಲಕೋಟೆಯಲ್ಲಿ ಘಟಪ್ರಭೆಯ ಕಡೆಗಿದ್ದ ನಮ್ಮ ಮನೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನ ಪಾಲಾಯಿತು. ಪರಿಹಾರದ ಹಣ ಕೈಸೇರಿದ ವರ್ಷ ನಮ್ಮ ಮನೆಯಲ್ಲಿ ದಸರೆಯೂ ದೀಪಾವಳಿಯೂ ಒಟ್ಟಿಗೇ ಬಂದಂತಿತ್ತು: ಬಂಗಾರದ ಬಿಲ್ವಾರ, ಸ್ಕೂಟರು, ಬಣ್ಣದ ಟಿವಿ. ಆಗ ‘ಇದೂ ಹೋಗುತ್ತದೆ’ ಎಂದು ಯಾರಾದರೂ ಹೇಳಿದ್ದರೆ ಅವರನ್ನು ಹೊಟ್ಟೆಕಿಚ್ಚಿನವರೆಂದು ಬೈದು ಕಳುಹಿಸುತ್ತಿದ್ದೆವು. ಮೂರನೆಯ ವರ್ಷಕ್ಕೆ ಹಣವೂ ಇರಲಿಲ್ಲ, ಪಾಲಿನ ಜಗಳದಿಂದಾಗಿ ಅಣ್ಣತಮ್ಮಂದಿರ ನಡುವೆ ಮಾತೂ ಇರಲಿಲ್ಲ.

ಮನೆಯ ದುಃಖವಾದರೂ ಉಳಿಯಿತೇ ಎಂದರೆ ಅದೂ ಇಲ್ಲ. ಮೊದಮೊದಲು, ಜಲಾಶಯದ ನೀರು 519.60 ಮೀಟರಿನ ಪೂರ್ಣ ಮಟ್ಟದಿಂದ ಬೇಸಿಗೆಯಲ್ಲಿ ಕೆಳಗಿಳಿದಾಗ, ನಮ್ಮ ತಂದೆ ಕೊಡೆ ಹಿಡಿದುಕೊಂಡು ಹೋಗಿ ಬುನಾದಿಯ ಕಲ್ಲುಗಳ ನಡುವೆ ಪಡಸಾಲೆ ಎಲ್ಲಿತ್ತು, ನೆಲದಡಿ ಕಾಳು ತುಂಬಿಡುವ ಹಗೇವಿನ ಬಾಯಿ ಎಲ್ಲಿತ್ತು ಎಂದು ಕೆಸರಿನಲ್ಲಿ ಕಾಲಿಂದ ಗುರುತು ಹಾಕುತ್ತಿದ್ದರು. ಬರಗಾಲದ ವರ್ಷಗಳಲ್ಲಿ ತಳ ಕಾಣುತ್ತದೆಂದು ನಾವು ಹೆದರುತ್ತಿದ್ದ ಆ ಹಗೇವು ಈಗ ವರ್ಷದ ಬಹುಪಾಲು ತುಂಬಿಯೇ ಇರುತ್ತದೆ, ನೀರಿನಿಂದ. ಅಡುಗೆಮನೆಯ ಬೆಳಕಿಂಡಿ ಯಾವ ಗೋಡೆಯಲ್ಲಿತ್ತು ಎಂಬುದು ಇಂದು ನನಗೆ ನೆನಪಿಲ್ಲ.

ಹೀಗೆ ಸುಖವೂ ಹೋಯಿತು, ದುಃಖವೂ ಹೋಯಿತು, ಆದರೆ ಅದರಲ್ಲಿ ನನ್ನ ಸಾಧನೆ ಏನೂ ಇಲ್ಲ. ಎರಡೂ ತಾವಾಗಿಯೇ ಹೋದವು. ಆದ್ದರಿಂದ ನನ್ನ ಪ್ರಶ್ನೆ ಇದು: ಎಲ್ಲವೂ ಕಳೆದುಹೋಗುತ್ತದೆ ಎಂದು ತಿಳಿಯುವುದಕ್ಕೂ ಕಳೆದುಹೋದದ್ದನ್ನು ಸುಮ್ಮನೆ ಮರೆಯುವುದಕ್ಕೂ ಏನು ವ್ಯತ್ಯಾಸ? ‘ಅನಿತ್ಯವನ್ನು ಬಿಡು, ನಿತ್ಯವನ್ನು ಹಿಡಿ’ ಎಂದು ಶ್ರಾವಣದ ಪ್ರವಚನಗಳಲ್ಲಿ ಪ್ರತಿವರ್ಷ ಕೇಳುತ್ತೇನೆ. ಹಿಡಿಯಬೇಕಾದದ್ದು ಏನೆಂದು ಬಲ್ಲವರು ತಿಳಿಸಬೇಕು.

ಡೋಣಿ ದಂಡೆಯವ, ವಿಜಯಪುರ ಜಿಲ್ಲೆ

ಮಾಸ್ತರರಿಗೆ ನಮಸ್ಕಾರ. ನಾನು ಹೆಚ್ಚು ಓದಿದವನಲ್ಲ. ಒಕ್ಕಲುತನದಿಂದ ತಿಳಿದದ್ದನ್ನು ಬರೆಯುತ್ತೇನೆ. ನಮ್ಮ ಡೋಣಿ ಹೊಳೆಯ ಬಗ್ಗೆ ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎಂಬ ಗಾದೆಯನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ, ಆದರೆ ಆ ಗಾದೆಯಲ್ಲಿರುವ ‘ರೆ’ ಎಂಬ ಅಕ್ಷರದ ಮೇಲೆ ನಮ್ಮ ಇಡೀ ಜೀವನ ನಿಂತಿದೆ ಎಂಬುದನ್ನು ಯಾರೂ ಗಮನಿಸುವುದಿಲ್ಲ. ಅದೇ ಡೋಣಿ ಉಕ್ಕಿದರೆ ಎರಿ ಹೊಲದ ಬೆಳೆಯನ್ನು ಕೆಸರಿನಲ್ಲಿ ಹೂಳುತ್ತದೆ, ಬತ್ತಿದರೆ ಸವುಳು ನೀರನ್ನು ಉಳಿಸುತ್ತದೆ. ಆದ್ದರಿಂದ ಸುಖದುಃಖಗಳು ಬಂದುಹೋಗುವಂಥವು ಎಂಬುದನ್ನು ರೈತನಿಗೆ ಪ್ರವಚನದಲ್ಲಿ ಹೇಳಬೇಕಾದ ಅಗತ್ಯವಿಲ್ಲ.

ನನ್ನ ತಕರಾರು ಬೇರೆ. ಎರಡೂ ಒಂದೇ ವೇಗದಲ್ಲಿ ಹೋಗುತ್ತವೆ ಎಂಬಂತೆ ನೀವು ಬರೆದಿದ್ದೀರಿ, ಅದು ಸರಿಯಲ್ಲ. ನಾನು ಮೂರು ಎಕರೆ ದ್ರಾಕ್ಷಿ ಹಚ್ಚಿದ್ದೆ. ಗೊನೆ ಕಡಿದು, ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನಲ್ಲಿ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರವಿದರೆ ಒಣದ್ರಾಕ್ಷಿಯಾಗಲು ಸುಮಾರು ಹದಿನೈದು ದಿನ ಬೇಕು. ಆ ದಿನಗಳಲ್ಲಿ ಒಮ್ಮೆ ಅಕಾಲದ ಮಳೆ ಬಂತು. ಮಳೆ ಬಂದದ್ದು ಮುಕ್ಕಾಲು ತಾಸು, ಆಮೇಲೆ ಬಿಸಿಲು ಬಿತ್ತು, ಕಾಮನಬಿಲ್ಲೂ ಮೂಡಿತು. ಮಾಲು ಕಪ್ಪಾಯಿತು. ಆ ಮುಕ್ಕಾಲು ತಾಸಿನ ಸಾಲವನ್ನು ನಾನು ಆರು ವರ್ಷ ತೀರಿಸಿದೆ. ಕಷ್ಟ ಕ್ಷಣಿಕ ಎಂದು ಹೇಳುವವರು ಅದರ ಬಡ್ಡಿಯ ಲೆಕ್ಕವನ್ನು ನೋಡಿರುವುದಿಲ್ಲ. ಸುಖ ತಾನಾಗಿಯೇ ಹೋಗುತ್ತದೆ. ಕಷ್ಟವನ್ನು ಹೆಗಲು ಕೊಟ್ಟು ದೂಡಬೇಕಾಗುತ್ತದೆ. ಆ ತಾಯಿಗೆ ನೀವು ‘ಹೋಗುತ್ತದೆ’ ಎಂದಿರಿ, ಹೆಗಲು ಕೊಟ್ಟಿರಾ?

ಸಾಲೊಟಗಿಯ ಓದುಗ, ಸದ್ಯ ವಿಜಯಪುರ

ಡೋಣಿ ದಂಡೆಯವರ ಕೊನೆಯ ಪ್ರಶ್ನೆ ಖಾರವಾಗಿದೆ, ಆದರೆ ಶಾಸ್ತ್ರಕ್ಕೆ ವಿರುದ್ಧವಾಗಿಲ್ಲ. ಗೀತೆಯ ಎರಡನೆಯ ಅಧ್ಯಾಯದ ಹದಿನಾಲ್ಕನೆಯ ಶ್ಲೋಕದಲ್ಲಿ ಸುಖದುಃಖಗಳನ್ನು ಕೊಡುವ ಇಂದ್ರಿಯಸ್ಪರ್ಶಗಳನ್ನು ‘ಆಗಮಾಪಾಯಿನಃ’, ಅಂದರೆ ಬರುವ ಮತ್ತು ಹೋಗುವ ಸ್ವಭಾವದವು ಎಂದು ಕರೆದಿದೆ. ಅಲ್ಲಿ ಮೊದಲಿಗೆ ಬರುವುದು ಶೀತ ಮತ್ತು ಉಷ್ಣ ಎಂಬುದನ್ನು ಗಮನಿಸಬೇಕು. ನಲವತ್ತು ಡಿಗ್ರಿ ದಾಟುವ ನಮ್ಮೂರಿನ ಮೇ ತಿಂಗಳ ಬಿಸಿಲು ಸುಳ್ಳು ಎಂದು ಯಾವ ಆಚಾರ್ಯರೂ ಹೇಳುವುದಿಲ್ಲ. ಅದು ನಿಜ, ಆದರೆ ಅದು ನಾನಲ್ಲ, ಅಷ್ಟೇ. ‘ತಿತಿಕ್ಷಸ್ವ’, ತಾಳಿಕೋ ಎಂಬ ಮಾತು ಕೈಕಟ್ಟಿ ಕೂಡುವುದಕ್ಕೆ ಅಪ್ಪಣೆಯೂ ಅಲ್ಲ. ನಾಲ್ಕೇ ಶ್ಲೋಕಗಳ ನಂತರ ‘ಆದ್ದರಿಂದ ಯುದ್ಧ ಮಾಡು’ ಎಂದು ಬರುತ್ತದೆ. ಸಾಲ ತೀರಿಸುವುದೂ ಒಂದು ಯುದ್ಧವೇ.

ಇನ್ನು ಈ ಮಾತನ್ನು ಯಾರು ಹೇಳಬಹುದು ಎಂಬ ಬಗ್ಗೆ. ಕೃಷ್ಣ ಅದನ್ನು ದೂರದ ಗುಡಾರದಲ್ಲಿ ಕುಳಿತು ಓಲೆ ಬರೆದು ಕಳುಹಿಸಲಿಲ್ಲ. ಅದೇ ರಥದಲ್ಲಿ, ಅರ್ಜುನನಿಗಿಂತ ಮುಂದೆ, ಬಾಣಗಳಿಗೆ ಎದೆಯೊಡ್ಡುವ ಸಾರಥಿಯ ಸ್ಥಾನದಲ್ಲಿ ಕುಳಿತು ಹೇಳಿದ. ‘ಇದೂ ಹೋಗುತ್ತದೆ’ ಎನ್ನುವ ಅಧಿಕಾರ ರಥ ಹತ್ತಿದವನಿಗೆ ಮಾತ್ರ ಇದೆ ಎಂದು ನನ್ನ ತಿಳುವಳಿಕೆ.

ಆ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಕಠೋಪನಿಷತ್ತಿನಲ್ಲಿದೆ. ಯಮ ನಚಿಕೇತನಿಗೆ ಆನೆ, ಕುದುರೆ, ಬಂಗಾರ, ಬೇಕಾದಷ್ಟು ವರ್ಷಗಳ ಆಯುಷ್ಯ ಎಲ್ಲವನ್ನೂ ಕೊಡಲು ಮುಂದಾಗುತ್ತಾನೆ. ಆ ಹುಡುಗ ಒಂದೇ ಪದದಲ್ಲಿ ಅವುಗಳ ಬೆಲೆ ಕಟ್ಟುತ್ತಾನೆ: ‘ಶ್ವೋಭಾವಾಃ’, ನಾಳೆಯವರೆಗೆ ಇದ್ದರೆ ಇದ್ದಾವು. ಅವನು ಇದನ್ನು ಕಳೆದುಕೊಂಡ ಮೇಲೆ ಹೇಳಲಿಲ್ಲ, ಕೊಡುವವನ ಕೈ ಇನ್ನೂ ಚಾಚಿಕೊಂಡಿರುವಾಗಲೇ ಹೇಳಿದ. ಮಾಸ್ತರರು ಕೇಳಿದ ವ್ಯತ್ಯಾಸ ಇಲ್ಲಿದೆ. ಮರೆವು ಎಲ್ಲ ಮುಗಿದ ಮೇಲೆ ಬರುತ್ತದೆ, ತಿಳಿವು ನಡೆಯುತ್ತಿರುವಾಗಲೇ ಇರುತ್ತದೆ. ಮರೆತವನು ಮುಂದಿನ ಸುಖಕ್ಕೆ ಮತ್ತೆ ಹೊಸಬನೇ. ಹಿಡಿಯಬೇಕಾದ ನಿತ್ಯ ಯಾವುದೆಂದರೆ, ಬಂದದ್ದನ್ನೂ ಹೋದದ್ದನ್ನೂ ನೋಡಿದ ಆ ಸಾಕ್ಷಿ. ಬಿಲ್ವಾರ ಬಂದ ವರ್ಷ ಹಿಗ್ಗಿದವರೂ ನೀವೇ, ಕೆಸರಿನಲ್ಲಿ ತಂದೆಯ ಹಿಂದೆ ನಿಂತವರೂ ನೀವೇ. ಹಿಗ್ಗು ಮತ್ತು ಕುಗ್ಗು ಬದಲಾದವು, ಅವನ್ನು ಅರಿತದ್ದು ಬದಲಾಗಲಿಲ್ಲ.

ಗುಮ್ಮಟದ ಗೈಡ್, ವಿಜಯಪುರ

ಸಾಕ್ಷಿಯ ವಿಚಾರ ನನ್ನ ಅಳವಿಗೆ ಮೀರಿದ್ದು. ಆದರೆ ಶಾಶ್ವತವಾಗಬೇಕೆಂಬ ಆಸೆ ಮನುಷ್ಯನಿಗೆ ಎಷ್ಟಿದೆ ಎಂಬುದನ್ನು ನಾನು ದಿನವೂ ಕಿವಿಯಾರೆ ಕೇಳುತ್ತೇನೆ. ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಗೆ ಹತ್ತಿದ ಕೂಡಲೇ ಜನ ಏನು ಕೂಗುತ್ತಾರೆ ಗೊತ್ತೇ? ತಮ್ಮ ತಮ್ಮ ಹೆಸರನ್ನೇ. ಬೇರೆಯವರ ಹೆಸರನ್ನು ಕೂಗುವವರು ಅಪರೂಪ, ಪ್ರೇಮಿಗಳನ್ನು ಬಿಟ್ಟರೆ. ಹೆಸರು ಮತ್ತೆ ಮತ್ತೆ ಮರಳಿ ಬರುತ್ತದೆ, ಪ್ರತಿ ಸಲವೂ ತುಸು ತೆಳ್ಳಗಾಗಿ, ಆಮೇಲೆ ನಿಲ್ಲುತ್ತದೆ. ಆಗ ಮತ್ತೊಮ್ಮೆ ಕೂಗುತ್ತಾರೆ.

ಸುಮಾರು 44 ಮೀಟರ್ ವ್ಯಾಸದ ಆ ಗುಮ್ಮಟವನ್ನು ಕಟ್ಟಿಸಿದ ಮೊಹಮ್ಮದ್ ಆದಿಲ್ ಶಾಹನು 1656ರಲ್ಲಿ ತೀರಿಕೊಂಡನು. ಮೇಲೆ ಪ್ರವಾಸಿಗಳು ನೋಡುವುದು ಗೋರಿಯ ಗುರುತನ್ನು ಮಾತ್ರ. ನಿಜವಾದ ಗೋರಿ ಕೆಳಗಿನ ನೆಲಮಾಳಿಗೆಯಲ್ಲಿದೆ. ಅವನ ಮಗ ಎರಡನೆಯ ಅಲಿ ಆದಿಲ್ ಶಾಹನು ತನ್ನ ಗೋರಿಗೆಂದು ತೊಡಗಿದ ಬಾರಾ ಕಮಾನು 1672ರಲ್ಲಿ ಅವನು ಸತ್ತಾಗ ಅರ್ಧಕ್ಕೇ ನಿಂತಿತು. ಮತ್ತೆ ಹದಿನಾಲ್ಕು ವರ್ಷಕ್ಕೆ, 1686ರಲ್ಲಿ, ಔರಂಗಜೇಬನಿಂದ ರಾಜ್ಯವೇ ಮುಗಿಯಿತು. ಬೇರೆ ಗೈಡುಗಳ ಅಭಿಪ್ರಾಯ ಬೇರೆಯಿರಬಹುದು, ಆದರೆ ಬಾರಾ ಕಮಾನನ್ನು ನೋಡಿದಾಗ ಅದು ಅಪೂರ್ಣವಾಗಿದೆ ಎಂದು ನನಗೆ ಎಂದೂ ಅನ್ನಿಸಿಲ್ಲ. ಚಾವಣಿ ಇಲ್ಲದ ಆ ಕಮಾನುಗಳ ನಡುವೆ ಆಕಾಶ ಕಾಣುತ್ತದೆ. ಗುಮ್ಮಟದೊಳಗೆ ಅದು ಕಾಣುವುದಿಲ್ಲ.

ಅದೇ ಊರಿನ ಜ್ಞಾನಯೋಗಾಶ್ರಮದಲ್ಲಿ 2023ರ ಜನವರಿ 2ರಂದು ಸಿದ್ಧೇಶ್ವರ ಸ್ವಾಮೀಜಿಯವರು ಲಿಂಗೈಕ್ಯರಾದರು. ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಚಿತಾಭಸ್ಮವನ್ನು ನೀರಿಗೆ ಬಿಡಬೇಕು, ಸ್ಮಾರಕವನ್ನು ಕಟ್ಟಬಾರದು ಎಂದು ಅವರು ಮೊದಲೇ ಬರೆದಿಟ್ಟಿದ್ದರು. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬೇಡವೆಂದಿದ್ದರು; ಅವರ ಅಂಗಿಗೆ ಜೇಬೇ ಇರಲಿಲ್ಲ ಎಂಬುದನ್ನು ನಮ್ಮ ಕಡೆ ಸಣ್ಣ ಹುಡುಗರೂ ಬಲ್ಲರು. ಅಂದು ಊರಿಗೆ ಬಂದ ಜನಸಾಗರವನ್ನು ನಾನು ಕಣ್ಣಾರೆ ಕಂಡಿದ್ದೇನೆ. ತೋರಿಸಲು ಒಂದು ಕಲ್ಲೂ ಇಲ್ಲದವರ ಬಗ್ಗೆ ಗೈಡಿಗೆ ಹೇಳುವುದಕ್ಕೆ ಏನಿದೆ ಎಂದು ನೀವು ಕೇಳಬಹುದು. ಪ್ರವಾಸಿಗಳು ಕೇಳುತ್ತಾರೆ, ನಾನು ಹೇಳುತ್ತೇನೆ. ಆದರೆ ನನ್ನ ಹೊಟ್ಟೆ ತುಂಬಿಸುತ್ತಿರುವುದು ಗುಮ್ಮಟವೇ ಎಂಬುದನ್ನೂ ಒಪ್ಪಿಕೊಳ್ಳಬೇಕು. ಸ್ಥಾವರವನ್ನು ಹೀಗಳೆಯುವುದು ನನಗೆ ಅಷ್ಟು ಸುಲಭವಲ್ಲ.

ಖಣದ ಮಗ್ಗ, ಗುಳೇದಗುಡ್ಡ

ಅಣ್ಣನವರು ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೂ ಒಂದು ಮಾತು ಹೇಳದೆ ಇರಲಾರೆ. ಇಲ್ಲಿಯವರೆಗಿನ ಬರಹಗಳಲ್ಲಿ ಸುಖವನ್ನು ಕಳ್ಳನನ್ನು ನೋಡಿದಂತೆ ನೋಡಲಾಗಿದೆ. ಹೋಗಿಬಿಡುತ್ತದೆ ಎಂಬ ಒಂದೇ ತಪ್ಪಿಗೆ ಅದು ಕೀಳಾಗಬೇಕೇ? ಸಂಸಾರ ನೀರ ಮೇಲಿನ ಗುಳ್ಳೆ ಎಂದು ಎರಡು ತಾಸು ಹೇಳುವವರು ನಡುವೆ ಮೈಕು ಕೆಟ್ಟರೆ ಐದು ನಿಮಿಷ ತಾಳಿದ್ದನ್ನು ನಾನು ನೋಡಿಲ್ಲ.

ನನ್ನ ತವರು ಹಳೆ ಬಾಗಲಕೋಟೆ. ಮಾಸ್ತರರ ಮನೆ ಹೋದಂತೆ ನಮ್ಮ ಮನೆಯೂ ಹೋಯಿತು. ಅಲ್ಲಿಯ ಹೋಳಿಯನ್ನು ನೀವೆಲ್ಲರೂ ಬಲ್ಲಿರಿ: ದಿನಗಟ್ಟಲೆ ಹಲಗೆಯ ಸದ್ದು, ಬಣ್ಣದ ನೀರು ತುಂಬಿದ ಬ್ಯಾರಲುಗಳನ್ನು ಹೇರಿಕೊಂಡು ಓಣಿಯಿಂದ ಓಣಿಗೆ ಹೋಗುವ ಬಂಡಿಗಳು. ಅದಕ್ಕಿಂತ ಕ್ಷಣಿಕವಾದದ್ದು ಇನ್ನೇನಿದೆ? ಎರಚಿದ ಬಣ್ಣ ಸಂಜೆಯ ಸ್ನಾನಕ್ಕೆ ಹೋಗುತ್ತದೆ, ಹಲಗೆಯ ಸದ್ದು ಕೈ ನಿಂತ ಕೂಡಲೇ ಹೋಗುತ್ತದೆ. ನಾವು ಚಿಕ್ಕವರಿದ್ದಾಗ ಹಿರಿಯರು ಮನೆಯೇ ಗಟ್ಟಿ, ಹಬ್ಬ ಒಂದು ದಿನದ್ದು ಎನ್ನುತ್ತಿದ್ದರು. ಈಗ ನೋಡಿ, ಗಟ್ಟಿಯೆಂದುಕೊಂಡ ಕಲ್ಲಿನ ಮನೆ ನೀರಿನ ಕೆಳಗಿದೆ, ಸಂಜೆಗೆ ತೊಳೆದುಹೋಗುವ ಬಣ್ಣ ಉಳಿದುಕೊಂಡಿದೆ. ನವನಗರ ಸೇರಿದವರ ಮಕ್ಕಳೂ ಹೋಳಿ ಬಂತೆಂದರೆ ಹಲಗೆ ಹೆಗಲಿಗೇರಿಸಿ ಹಳೆಯ ಊರಿನ ಮುಳುಗದೆ ಉಳಿದ ಓಣಿಗಳಿಗೆ ಇಳಿಯುತ್ತಾರೆ. ಆ ಹುಡುಗರಲ್ಲಿ ಹಲವರು ಮುಳುಗಿದ ಓಣಿಗಳನ್ನು ಕಂಡವರೇ ಅಲ್ಲ, ಆದರೆ ಪೆಟ್ಟು ಮಾತ್ರ ಅದೇ ಓಣಿಯದು.

ಇದರ ಅರ್ಥವೇನೆಂದು ಬಿಡಿಸಿ ಹೇಳುವಷ್ಟು ಓದು ನನಗಿಲ್ಲ. ಒಬ್ಬರಲ್ಲೇ ಇಟ್ಟುಕೊಂಡದ್ದು ಹೋಗುತ್ತದೆ, ಕೈಯಿಂದ ಕೈಗೆ ಕೊಟ್ಟದ್ದು ಹೇಗೋ ಇರುತ್ತದೆ ಎಂದು ಮಾತ್ರ ಅನ್ನಿಸುತ್ತದೆ. ನನ್ನ ಯಜಮಾನರು ಹೋಗಿ ಹನ್ನೊಂದು ವರ್ಷವಾಯಿತು. ಖಣದ ಅಂಚು ತಪ್ಪದಂತೆ ಲಾಳಿ ಹೊಡೆಯುವುದನ್ನು ನನಗೆ ಕಲಿಸಿದವರು ಅವರೇ. ಈಗ ನನ್ನ ಮಗಳಿಗೆ ಕಲಿಸುವಾಗ, ಅವರು ಬೈಯುತ್ತಿದ್ದ ಬೈಗುಳವೇ ನನ್ನ ಬಾಯಲ್ಲಿ ಬರುತ್ತದೆ.

ಆ ತಾಯಿಯ ವಿಷಯದಲ್ಲಿ ಮಾಸ್ತರರು ಒಂದು ಕೆಲಸ ಮಾಡಬೇಕು. ಏನನ್ನೂ ಹೇಳದೆ ಹೋಗಿ ಕುಳಿತು ಬರಬೇಕು.

ಸಾಲೊಟಗಿಯ ಓದುಗ, ಸದ್ಯ ವಿಜಯಪುರ

ಅಕ್ಕನವರೇ, ಮೈಕಿನ ಮಾತು ನನಗೇ ತಾಗಿತು. ಹೋದ ತಿಂಗಳು ನಾನೂ ಒಂದು ಕಡೆ ಹಾಗೆಯೇ ಸಿಡುಕಿದ್ದೆ. ಸುಖ ಕೀಳೆಂದು ನಾನು ಹೇಳಲಿಲ್ಲ, ಅದನ್ನು ಆಸರೆಯೆಂದು ಒರಗಿಕೊಳ್ಳಬಾರದು ಎಂದಷ್ಟೇ ನನ್ನ ಅಭಿಪ್ರಾಯ. ಆದರೆ ಕೈಯಿಂದ ಕೈಗೆ ದಾಟುವ ಹಲಗೆಯ ಪೆಟ್ಟಿಗೆ ನನ್ನ ಸಾಕ್ಷಿಯ ಲೆಕ್ಕದಲ್ಲಿ ಎಲ್ಲಿ ಜಾಗವಿದೆ ಎಂದು ಎರಡು ದಿನ ಯೋಚಿಸಿದೆ, ಸರಿಯಾಗಿ ಕೂಡುತ್ತಿಲ್ಲ.

ಡೋಣಿ ದಂಡೆಯವ, ವಿಜಯಪುರ ಜಿಲ್ಲೆ

ಗುಳೇದಗುಡ್ಡದ ಅಕ್ಕಾರು ಬರೆದದ್ದು ನನಗೆ ಹಿಡಿಸಿತು. ನಮ್ಮಲ್ಲಿ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುತ್ತೇವೆ. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಭಜ್ಜಿ, ಪುಂಡಿಪಲ್ಲೆ ಎಲ್ಲವನ್ನೂ ಮಾಡಿಕೊಂಡು ಹೋಗಿ, ಮೊದಲು ಭೂಮಿತಾಯಿಗೆ ಚೆಲ್ಲಿ, ಆಮೇಲೆ ನಾವು ಉಣ್ಣುತ್ತೇವೆ. ಆಗ ಹಿಂಗಾರಿ ಜೋಳ ಇನ್ನೂ ನಿಂತ ಬೆಳೆ. ಹಕ್ಕಿ ತಿನ್ನುತ್ತದೋ, ರೋಗ ಬರುತ್ತದೋ, ಧಾರಣೆ ಬೀಳುತ್ತದೋ ಯಾರಿಗೂ ತಿಳಿದಿರುವುದಿಲ್ಲ. ರಾಶಿ ಮನೆಗೆ ಬಂದ ಮೇಲೆ ಚರಗ ಮಾಡೋಣ ಎಂದು ಯಾವ ಹಿರಿಯರೂ ಹೇಳಲಿಲ್ಲ. ಕಪ್ಪಾದ ದ್ರಾಕ್ಷಿಯ ಸಾಲವಿದ್ದ ಆರು ವರ್ಷವೂ ನಾವು ಚರಗ ಚೆಲ್ಲಿದೆವು. ಈ ಸಲ ಇಲ್ಲಿ ಬರೆಯುವವರೆಲ್ಲರೂ ನಮ್ಮ ಹೊಲಕ್ಕೆ ಊಟಕ್ಕೆ ಬರಬೇಕು. ಪ್ರವಚನ ಬೇಡ.

ಮುಳುಗಡೆ ಮಾಸ್ತರ, ನವನಗರ, ಬಾಗಲಕೋಟೆ

ನಾನು ಒಂದು ವಾರ ಇಲ್ಲಿ ಬರೆಯಲಿಲ್ಲ. ಮೊದಲು ಕೂಡಲಸಂಗಮಕ್ಕೆ ಹೋಗಿ ಬಂದೆ. ಕೃಷ್ಣೆ ಮತ್ತು ಮಲಪ್ರಭೆ ಕೂಡುವಲ್ಲಿ ಬಸವಣ್ಣನವರ ಐಕ್ಯಮಂಟಪವಿದೆ. ಹಿನ್ನೀರಿನಿಂದ ಅದನ್ನು ಉಳಿಸಲು ಸುತ್ತಲೂ ಬಾವಿಯಂತೆ ದುಂಡಗಿನ ಎತ್ತರದ ಗೋಡೆಯನ್ನು ಕಟ್ಟಿದ್ದಾರೆ. ಮೆಟ್ಟಿಲಿಳಿದು ಕೆಳಗೆ ಹೋಗಿ ನಮಸ್ಕರಿಸಬೇಕು. ಗೋಡೆಯ ಆಚೆ ತುಂಬಿದ ನೀರು, ಈಚೆ ನಾನು. ‘ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ’ ಎಂದು ಮೂವತ್ತು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ನಾನು. ಆ ಮಾತು ಆಡಿದವರ ಮಂಟಪಕ್ಕೇ ಅಳಿವು ಬಾರದಂತೆ ನಾವು ಇಷ್ಟು ದೊಡ್ಡ ಗೋಡೆಯನ್ನು ಕಟ್ಟಬೇಕಾಯಿತು ಎಂದು ಮೊದಲು ನಗು ಬಂತು. ಆಮೇಲೆ ನಗು ಬರಲಿಲ್ಲ. ನಮ್ಮ ತಂದೆ ಕೆಸರಿನಲ್ಲಿ ಕಾಲಿಂದ ಹಾಕಿದ ಗುರುತೂ ಅಂಥದೇ ಒಂದು ಗೋಡೆಯಾಗಿತ್ತು. ಪ್ರೀತಿ ಇದ್ದವರು ಕಟ್ಟುತ್ತಾರೆ. ‘ಜಂಗಮ’ ಎಂದರೆ ಚಲಿಸುವುದು ಎಂದು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದರೂ, ಅಳಿವಿಲ್ಲದ್ದು ಯಾವುದು ಎಂದು ಕೇಳುವಾಗ ನಾನು ಯಾವಾಗಲೂ ಒಂದೆಡೆ ನಿಂತದ್ದನ್ನೇ ಹುಡುಕುತ್ತಿದ್ದೆ.

ಊರಿಗೆ ಬಂದು ಆ ತಾಯಿಯ ಮನೆಗೆ ಹೋದೆ. ಗುಳೇದಗುಡ್ಡದ ಅಕ್ಕನವರು ಹೇಳಿದಂತೆ ಸುಮ್ಮನೆ ಕುಳಿತೆ. ಮಾತಿನ ಕಸುಬಿನವನಿಗೆ ಅದು ಎಷ್ಟು ಕಷ್ಟ ಎಂಬುದು ಅಂದೇ ತಿಳಿಯಿತು. ಚಹಾ ಕೊಟ್ಟರು, ಕುಡಿದೆ. ಎದ್ದು ಹೊರಡುವಾಗ ಅವರೇ ಮಾತು ತೆಗೆದರು: “ಮಾಸ್ತರ, ಅವತ್ತು ನಾ ಕೇಳಿದ್ದು ನಿಮಗ ಕೆಟ್ಟ ಅನಿಸಿರಬೇಕು. ನೀವು ಹೇಳಿದ್ದು ಸುಳ್ಳಲ್ಲರಿ. ಆದರ ಇದು ಹೋಗಲಿ ಅಂತ ನನಗ ಅನ್ಸೂದೇ ಇಲ್ಲ. ಇದು ಹೋದರ ಅವನೂ ಹೋದಂಗ ಅಲ್ಲೇನ್ರಿ?”

ಸಾಲೊಟಗಿಯ ಗುರುಗಳೇ, ಇದಕ್ಕೆ ನಿಮ್ಮಲ್ಲಿ ಶ್ಲೋಕವಿದ್ದರೆ ದಯವಿಟ್ಟು ಈಗಲೇ ಬರೆಯಬೇಡಿ. ದುಃಖವನ್ನೇ ಮಗನ ಗುರುತಾಗಿ ಹಿಡಿದುಕೊಂಡವರ ಎದುರು, ದುಃಖ ಅನಿತ್ಯ ಎಂದು ಹೇಳಿದ್ದೆನಲ್ಲ ಎಂಬ ನಾಚಿಕೆ ನನಗೆ ಇನ್ನೂ ಆರಿಲ್ಲ. ಆಕೆಯ ಮಾತು ಸರಿಯೆಂದೂ ನನಗೆ ಹೇಳಲಾಗುವುದಿಲ್ಲ. ಮಗನಿಂದ ಆಕೆಗೆ ಬಂದದ್ದರಲ್ಲಿ ದುಃಖವಲ್ಲದ್ದೂ ಇಪ್ಪತ್ತೆರಡು ವರ್ಷಗಳಷ್ಟಿದೆ. ಅದು ಇನ್ನೂ ಕಟ್ಟಿಟ್ಟ ಗಂಟಿನಲ್ಲಿಯೇ ಇದೆ.

ನಾನು ಚರಗದ ಕರೆಯ ವಿಷಯವನ್ನು ಮಾತ್ರ ಹೇಳಿ ಬಂದೆ. ಅವರು ಬರುತ್ತೇನೆಂದೂ ಹೇಳಲಿಲ್ಲ, ಒಲ್ಲೆನೆಂದೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಮೊಮ್ಮಗಳ ಕೈಯಲ್ಲಿ ಹೇಳಿ ಕಳುಹಿಸಿದ್ದಾರೆ: ಅವರ ಮಗನಿಗೆ ಎಳ್ಳು ಹಚ್ಚಿದ ಸಜ್ಜಿ ಕಟಕ ರೊಟ್ಟಿ ಸೇರುತ್ತಿತ್ತಂತೆ, ಎರಡು ವರ್ಷದಿಂದ ಮಾಡಿಲ್ಲವಂತೆ, ಎಷ್ಟು ಮಂದಿಗೆ ಬಡಿಯಬೇಕು ಎಂದು ಕೇಳಿದ್ದಾರೆ. ಕಟಕ ರೊಟ್ಟಿಯನ್ನು ನಾಲ್ಕು ದಿನ ಮೊದಲೇ ಬಡಿದು ಒಣಗಿಸಬೇಕಾಗುತ್ತದೆ. ಆದ್ದರಿಂದ ಹೊಲಕ್ಕೆ ಬರುವವರು ತಮ್ಮ ಮನೆಯ ಮಂದಿಯ ಲೆಕ್ಕವನ್ನು ಆದಷ್ಟು ಬೇಗ ಇಲ್ಲಿಯೇ ತಿಳಿಸಬೇಕೆಂದು ಕೋರುತ್ತೇನೆ. ನಮ್ಮ ಮನೆಯಿಂದ ಐದು ಜನ. ಮಾತು ಬಿಟ್ಟಿದ್ದ ತಮ್ಮನಿಗೂ ಫೋನು ಹಚ್ಚಿದ್ದೇನೆ. ಅವನು ಇನ್ನೂ ಎತ್ತಿಲ್ಲ.